ಚಂದ್ರಾಮ ಮಾಸ್ತರರ ಪಾದರಕ್ಷಾ ಚಳವಳಿ

ಲೋಕ ಕೆಟ್ಟಿರುವುದು ಬರಿಗಾಲಿನಿಂದ ಎಂಬ ಮಹಾಸತ್ಯ ಹೊರ್ತಿಯ ಚಂದ್ರಾಮ ಮಾಸ್ತರರಿಗೆ ದರ್ಶನವಾದದ್ದು ಎಪ್ಪತ್ನಾಲ್ಕರ ಬೇಸಿಗೆಯಲ್ಲಿ, ವಿಜಾಪುರದ ಆರೋಗ್ಯ ಶಿಬಿರದಲ್ಲಿ. ಕೊಕ್ಕೆಹುಳು ಬಯಲಕಡೆಯ ನೆಲದಲ್ಲಿ ಹೊಂಚುಹಾಕಿ, ಅಂಗಾಲಿನಿಂದ ಒಳಹೊಕ್ಕು, ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದಂತೆ! ಮಾಸ್ತರರು ಮನೆಮಂದಿಗೆಲ್ಲ ಜಂತಿನ ಔಷಧಿ ಕುಡಿಸಿ ಹೊಟ್ಟೆ ತೊಳೆಸಿದರು. ತಮಗೆ, ತಾಯಿ ಹುಚ್ಚವ್ವನಿಗೆ, ಹೆಂಡತಿ ಶೇವಂತೆವ್ವನಿಗೆ ಹೊಸ ಚಪ್ಪಲಿ ತಂದರು.

ಶೇವಂತೆವ್ವ ಅವನ್ನು ಬಗಲಲ್ಲಿ ಇರುಕಿಕೊಂಡು ಓಣಿ ದಾಟತೊಡಗಿದಳು. ಕಟ್ಟೆಕಟ್ಟೆಗೂ ಹಿರಿಯರು. ಅವರೆದುರು ಸೊಸೆ ಚಪ್ಪಲಿ ಮೆಟ್ಟುವುದುಂಟೇ?

“ಕಾಲಿಗೆ ತಂದದ್ದು ಬಗಲಾಗ ಇಟ್ಟೀಯಲ್ಲ, ಹುಳ ಏನ್ ಬಗಲಾಗಿಂದ ಹೊಗತೈತೇನ?”

“ನಿಮ್ಮ ಕಾಕಾಗೋಳು, ಮಾವಗೋಳು ಕಟ್ಟಿ ಬಿಟ್ಟು ಏಳ್ಲಿ. ಆಮ್ಯಾಲ ಹಾಕ್ಕೊಂಡು ಕುಣಕೋತ ಹೋಗ್ತೇನಿ.”

ತಾಯಿಗೂ ಉಪದೇಶ ತಪ್ಪಲಿಲ್ಲ. “ಯವ್ವಾ, ವಯಸ್ಸಾದಂಗ ಎಲುಬು ಟೊಳ್ಳ ಆಗ್ತಾವ. ಬಿಸಲಾಗ ಕುಂಡ್ರು, ಹಾಲು ಕುಡಿ.”

“ಬಿಸಲಾಗ ಕಳೆ ತಗದs ಮುದುಕಿ ಆಗೇನಿ. ಹಾಲು ಉಳದ್ರ ಕುಡೀತಿದ್ನಿ, ಎಲ್ಲಾ ನಿನ್ನ ಚಾದಾಗ ಹೊಂಟೈತಲ್ಲಪಾ!”

ನಾಗರ ಪಂಚಮಿ ಹತ್ತಿರ ಬಂತು. ಶೇವಂತೆವ್ವನಿಗೆ ತವರು ಆಲಮೇಲದ ಹಂಬಲ. ಹಬ್ಬಕ್ಕೆ ಅಲ್ಲಿ ಜೋಕಾಲಿ ಆಡಿ ಎಷ್ಟೋ ಕಾಲವಾಗಿತ್ತು. ಒಂದು ವರ್ಷ ಪರೀಕ್ಷೆ, ಇನ್ನೊಂದು ವರ್ಷ ಇಲೆಕ್ಷನ್. ಗಂಡನ ನೆವಗಳಿಗೆ ಬರಗಾಲವೇ ಇರಲಿಲ್ಲ. (ನಿಜವಾದ ಕಾರಣ ರೊಟ್ಟಿ. ಅದನ್ನು ಬಡಿಯುವವರು ಯಾರು?) ಈ ಸಲ ನೆವ ವೈಜ್ಞಾನಿಕವಾಗಿತ್ತು.

“ಬರಿಗಾಲಾಗ ತಿರಗತಿ, ನಿನಗ ಹುಳ ಆಗೇ ಆಗ್ಯಾವ. ಇಂಡಿ ಡಾಕ್ಟರ್ ಪರೀಕ್ಷಾ ಮಾಡಿ ಹುಳ ಇಲ್ಲ ಅಂದ್ರ ದಸರಾತನಕ ತವರಾಗ ಇರು. ಅದಾವ ಅಂದ್ರ ಔಷಧಿ ಕುಡದು ಮನ್ಯಾಗ ಬೀಳು.”

“ಮಾತಿಗಿ ತಪ್ಪಬಾರ್ದ ನೋಡ್ರಿ ಮತ್ತ!”

ಮೂವರ ಮಲವೂ ಮೂರು ಕಡ್ಡಿಪೆಟ್ಟಿಗೆಗಳನ್ನು ಅಲಂಕರಿಸಿ, ಮಾಸ್ತರರ ಜೇಬಿನಲ್ಲಿ ಇಂಡಿಯ ಬಸ್ಸು ಹತ್ತಿತು; ತೀರ್ಪು ಕೇಳಲು ಶೇವಂತೆವ್ವನೂ ಹಿಂದೆಯೇ ಹತ್ತಿದಳು. ಪಕ್ಕದವನು ಬೀಡಿ ಕಚ್ಚಿಕೊಂಡು, “ಮಾಸ್ತರ, ಒಂದ ಕಡ್ಡಿ ಕೊಡ್ರಿ” ಎಂದು ಜೇಬಿಗೇ ಕೈ ಹಾಕಿದ. ಮಾಸ್ತರರು ಆ ಕೈಯನ್ನು ಇಂಡಿಯವರೆಗೂ ಬಿಡಲಿಲ್ಲ.

ಡಾಕ್ಟರು ಸೂಕ್ಷ್ಮದರ್ಶಕದಿಂದ ತಲೆ ಎತ್ತಿದರು. “ಹೆಣ್ಣಮಕ್ಕಳ ಇಬ್ಬರದೂ ಸ್ವಚ್ಛ ಐತ್ರಿ. ನಿಮ್ಮದರಾಗ ಮಾತ್ರ ಹುಳದ ತತ್ತಿಗೋಳ ಸಂತಿ ನೆರದೈತಿ.”

“ಪೆಟ್ಟಿಗಿ ಅದಲಬದಲ ಆಗಿರಬೇಕ್ರಿ!”

“ನಿಮ್ಮ ಮುತ್ತಿನಂಥ ಅಕ್ಷರದಾಗ ಹೆಸರು ಐತಲ್ರಿ.”

“ನಾ ಚಪ್ಪಲಿ ಇಲ್ಲದ ಹೊಸ್ತಿಲಾ ದಾಟೂದಿಲ್ರಿ!”

ಶೇವಂತೆವ್ವ ಸೆರಗಿನೊಳಗಿಂದ ಹೇಳಿದಳು: “ಹೊಸ್ತಿಲ ದಾಟೂದು ಖರೇರಿ. ಬಯಲಕಡೆ ಹೋದಾಗ ಹೊಸಾ ಚಪ್ಪಲಿ ಹೊಲಸ ಆಗ್ತಾವಂತ ಬೇವಿನ ಗಿಡದ ಬುಡಕ ಬಿಟ್ಟು, ಬರಿಗಾಲಲೆ ಒಳಗ ಹೋಗ್ತಾರ್ರಿ. ಊರs ನೋಡೇತಿ.”

“ನೀವವ್ವಾ?”

“ಹೆಣ್ಣಮಕ್ಕಳ ಬಯಲಾಗ ಯಾವ ಹಿರಿಯಾರು ಕುಂತಿರ್ತಾರ್ರಿ? ಅಲ್ಲೇ ಹಾಕ್ಕೋತೇವಿ, ಅತ್ತಿ ಸೊಸಿ ಇಬ್ಬರೂ.”

ಪಂಚಮಿಗೆ ಮುಂಚೆ ಹೊರ್ತಿಯ ಬಸ್ ನಿಲ್ದಾಣದಲ್ಲಿ ಹಿರಿಯರು, ಸಾಲಿ ಹುಡುಗರು, ಎಲ್ಲರೂ ಇದ್ದರು. ಬಿಳಿಚಿದ ಮುಖದ ಮಾಸ್ತರರು ಹಬ್ಬದ ಉಂಡಿಯ ಗಂಟು ಎತ್ತಿ ಕೊಟ್ಟರು. ಶೇವಂತೆವ್ವನಿಗೆ ಅಯ್ಯೋ ಎನಿಸಿತು. ಬಸ್ಸು ಕದಲಿದಾಗ ಕರುಳು ತಡೆಯಲಿಲ್ಲ; ಸೆರಗು ಜಾರಿದ್ದನ್ನೂ ಮರೆತು ಕಿಟಕಿಯಿಂದ ಬಗ್ಗಿ ಕೂಗಿದಳು:

“ಔಷಧಿ ಬಿಡಬ್ಯಾಡ್ರಿ! ಬಯಲಕಡೆ ಹೋಗೂಮುಂದ ಚಪ್ಪಲೀನೂ ಬಿಡಬ್ಯಾಡ್ರಿ! ಇನ್ನೊಮ್ಮಿ ಹುಳ ಆದಾವು!”

ಬೇಸಿಗೆಯಿಂದ ಮಾಸ್ತರರು ಗಂಟಲು ಹರಿದುಕೊಂಡರೂ ತಲೆಗೆ ಹತ್ತದ ಆರೋಗ್ಯಪಾಠ ಅಂದು ಇಡೀ ಹೊರ್ತಿಗೆ ಒಂದೇ ಸಲಕ್ಕೆ ಬಾಯಿಪಾಠವಾಯಿತು.