ಸಾರು ಮುಗಿಯುವ ಹೊತ್ತಿಗೆ

ನನ್ನ ಹೆಂಡತಿ ಮಾಲ್‌ಸುನ್ ಮನೆ ಬಿಟ್ಟು ಎಲ್ಲಿಗೆ ಹೊರಟರೂ ಮೊದಲು ಎಲುಬಿನ ಸಾರು ಕುದಿಸುತ್ತಾಳೆ. ಕೇಳುವುದಕ್ಕೆ ಇದೊಂದು ಸಣ್ಣ ಅಭ್ಯಾಸ. ಆದರೆ ಜೆಚೊನ್ ಊರಿನ ನಮ್ಮ ಹದಿನೈದು ಅಂತಸ್ತಿನ ಕಟ್ಟಡದಲ್ಲಿ ಇದು ಪುರಾಣವಾಗಿ ಬಹಳ ಕಾಲವಾಯಿತು. ಆ ಸಾರಿನ ವಾಸನೆ ಒಂಬತ್ತನೇ ಮಹಡಿಯ ನಮ್ಮ ಬಾಗಿಲ ಸಂದಿಯಿಂದ ಹೊರಟು, ಲಿಫ್ಟಿನಲ್ಲಿ ಟಿಕೆಟ್ಟಿಲ್ಲದೆ ಕೆಳಗಿಳಿದು, ಗೇಟಿನ ಕಾವಲುಗಾರನ ಮೂಗಿಗೆ ಮುಟ್ಟಿದೊಡನೆ ಅವನು ಟೋಪಿ ತೆಗೆದು ಎದೆಗೆ ಹಿಡಿದುಕೊಳ್ಳುತ್ತಾನಂತೆ. ನಿವೃತ್ತರಾದ ಗಂಡಸರೆಲ್ಲ ಎದ್ದು ತಮ್ಮ ತಮ್ಮ ಅಡುಗೆಮನೆಗೆ ಓಡಿ, ಒಲೆಯ ಮೇಲೆ ಏನಿದೆ ಎಂದು ನೋಡಿಕೊಳ್ಳುತ್ತಾರಂತೆ. ನಮ್ಮ ದೇಶದಲ್ಲಿ ಐವತ್ತೈದು ದಾಟಿದ ಗಂಡಸಿಗೆ ಸಿಡಿಲಿನ ಭಯವಿಲ್ಲ, ಚಂಡಮಾರುತದ ಭಯವಿಲ್ಲ. ಹೆಂಡತಿ ಅಟ್ಟದಿಂದ ದೊಡ್ಡ ಪಾತ್ರೆ ಇಳಿಸುವ ಸದ್ದೊಂದೇ ಭಯ.

ಅವಳು ಎಷ್ಟು ದಿನ ಇರುವುದಿಲ್ಲ ಎಂಬುದನ್ನು ಪಾತ್ರೆ ನೋಡಿ ಹೇಳಬಹುದು. ಸೋದರಳಿಯನ ಮದುವೆಗೆ ಹೋದಾಗ ಹಿಡಿಯಿದ್ದ ಸಣ್ಣ ಪಾತ್ರೆ, ಒಂದು ರಾತ್ರಿ. ಮಗಳು ಸೋಲ್ಮಿ ಉಲ್ಸಾನಿನಲ್ಲಿ ಹೊಸ ಮನೆಗೆ ಹೋದಾಗ ನಡುವಿನ ಪಾತ್ರೆ, ನಾಲ್ಕು ದಿನ. ಈ ಡಿಸೆಂಬರಿನಲ್ಲಿ ಒಂದು ಬೆಳಗ್ಗೆ ನಾನು ಪತ್ರಿಕೆಯಿಂದ ತಲೆಯೆತ್ತಿದರೆ, ಕಟ್ಟಡದ ಮಹಿಳಾ ಸಂಘದ ಇಬ್ಬರು ಹೆಂಗಸರು ಏದುಸಿರು ಬಿಡುತ್ತಾ ಸಂಘದ ಪಾತ್ರೆಯನ್ನು ನಮ್ಮ ಮನೆಯೊಳಗೆ ಹೊತ್ತು ತರುತ್ತಿದ್ದರು. ವಠಾರಕ್ಕೆಲ್ಲ ಹೊಸವರ್ಷದ ಊಟ ಬೇಯಿಸುವ ಪಾತ್ರೆ ಅದು. (ನಾನು ಅದರಲ್ಲಿ ಕಾಲು ಚಾಚಿ ಕೂತು ಸ್ನಾನ ಮಾಡಬಹುದು. ಅಳೆದು ನೋಡಿದ್ದೇನೆ.)

"ಎಷ್ಟು ದಿನ?" ಎಂದೆ.

"ಅಕ್ಕನ ಮಣಿಕಟ್ಟು ಮುರಿದಿದೆ ಅಂತ ಹೇಳಿರ್ಲಿಲ್ವಾ? ಇದು ಸಿಂಪಿಚಿಪ್ಪಿನ ಕಾಲ ಬೇರೆ. ಶೆಡ್ಡಿನ ತುಂಬಾ ಚಿಪ್ಪು ರಾಶಿ ಬಿದ್ದಿರುತ್ತೆ, ಬಿಡಿಸೋರು ಯಾರು? ನಾನೇ ಹೋಗ್ಬೇಕು."

ಅವಳ ಅಕ್ಕ ಇರುವುದು ದಕ್ಷಿಣದ ಕಡಲೂರು ತೊಂಗ್ಯೊಂಗಿನಲ್ಲಿ. ಅದೇ ಇವಳ ತವರು. ಹದಿನೆಂಟರ ವಯಸ್ಸಿಗೇ ಚೂರಿ ಹಿಡಿದು ಚಿಪ್ಪು ಬಿಡಿಸುವುದರಲ್ಲಿ ಆ ದಡದಲ್ಲೆಲ್ಲ ಇವಳನ್ನು ಮೀರಿಸುವವರಿರಲಿಲ್ಲವಂತೆ. ಹೇಳಿದವಳು ಇವಳೇ.

"ಅಂದಾಜಾದ್ರೂ ಹೇಳು ಕಣೇ. ರೈಲಿಗೂ ಒಂದು ಅಂದಾಜು ಅಂತ ಇರುತ್ತೆ."

"ನಾನು ರೈಲಲ್ಲ."

"ಅಲ್ಲಾ, ಒಂದು ವಾರವೋ, ಎರಡು ವಾರವೋ..."

"ಒಳ್ಳೇ ಕಾಟ ಆಯ್ತಲ್ಲ ನಿಮ್ದು! ಸಾರು ಮುಗಿಯೋ ಹೊತ್ತಿಗೆ ಬರ್ತೀನಿ. ಸಾಕಾ?"

ಈ ಮಾತನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ನಾನಂತೂ ಕಲ್ಲಿನಲ್ಲಿ ಕೆತ್ತಿಸಿದಂತೆ ಇಟ್ಟುಕೊಂಡೆ.

ಮೂರು ದಿನ ಸಾರಿನ ಯಾಗ ನಡೆಯಿತು. ಎತ್ತಿನ ಎಲುಬುಗಳು ಸ್ನಾನದ ತೊಟ್ಟಿಯಲ್ಲಿ ರಕ್ತ ಬಿಟ್ಟುಕೊಳ್ಳುತ್ತಾ ನೆನೆದವು. (ಹೀಗಾಗಿ ಸ್ನಾನಕ್ಕೆ ನಿಜವಾಗಿಯೂ ಪಾತ್ರೆಯೇ ಗತಿ ಎನ್ನುವ ಸ್ಥಿತಿ ನನ್ನದು.) ಮೊದಲ ಕುದಿಯ ನೀರು ಚೆಲ್ಲಿದ್ದಾಯಿತು. ಎರಡನೆಯ ಕುದಿ, ಮೂರನೆಯ ಕುದಿ, ನಾಲ್ಕನೆಯ ಕುದಿ. ಸಾರು ಹಾಲಿನಂತೆ ಬೆಳ್ಳಗಾಯಿತು, ಕಿಟಕಿಯ ಗಾಜುಗಳು ಬೆವತವು. ನಾನು ಆಗಾಗ ಹೋಗಿ ಪಾತ್ರೆಯೊಳಗೆ ಇಣುಕಿ, ಸ್ವಲ್ಪವಾದರೂ ಇಂಗಿತೇ ಎಂದು ಆಸೆಯಿಂದ ನೋಡಿ ಬರುತ್ತಿದ್ದೆ. ಅವಳು ಚೊಂಬು ಚೊಂಬು ನೀರು ಸುರಿಯುತ್ತಿದ್ದಳು.

ಕೊನೆಗೆ ಚಳಿಯಲ್ಲಿ ಆರಿಸಿ, ಮೇಲೆ ಗಟ್ಟಿಯಾದ ಕೊಬ್ಬನ್ನು ತಟ್ಟೆಯ ಹಾಗೆ ಎತ್ತಿ ಎಸೆದು, ಪೊಟ್ಟಣ ಕಟ್ಟಿದಳು. ಫ್ರಿಜ್ಜಿನ ಮೇಲುಗಡೆಯ ಫ್ರೀಜರ್ ತೆಗೆದು ನನಗೆ ದರ್ಶನ ಮಾಡಿಸಿದಳು. ಮೂವತ್ತು ಪೊಟ್ಟಣ, ಪುಸ್ತಕದಂಗಡಿಯಲ್ಲಿ ಜೋಡಿಸಿದ ಹಾಗೆ. ಒಂದೊಂದರ ಮೇಲೂ ಅವಳ ದುಂಡು ಅಕ್ಷರದಲ್ಲಿ ಅಂಕಿ.

"ದಿನಕ್ಕೊಂದು, ರಾತ್ರಿ ಊಟಕ್ಕೆ. ಪೊಟ್ಟಣದ ಸಮೇತ ಕುದಿಸ್ಬೇಡಿ. ಉಪ್ಪು ಹಾಕಿಲ್ಲ, ನೀವೇ ಹಾಕ್ಕೊಳ್ಳಿ. ಹೆಚ್ಚಿದ ಈರುಳ್ಳಿ ಸೊಪ್ಪು ಈ ಡಬ್ಬೀಲಿ. ಮೂಲಂಗಿ ಕಿಮ್ಚಿ ಇಲ್ಲೇ ಕೆಳಗೆ ತೆಗೆದಿಟ್ಟಿದೀನಿ. ಹಿಂದಿನ ಬಾಲ್ಕನಿಗೆ ಹೋಗಿ ಕಿಮ್ಚಿ ಫ್ರಿಜ್ ಮಾತ್ರ ಮುಟ್ಟಬೇಡಿ."

"ಮುಟ್ಟಲ್ಲ."

"ಹೋದ್ಸಲ ಬಾಗಿಲು ತೆಗೆದಿಟ್ಟು ಬಂದು ಒಂದು ಚಳಿಗಾಲದ ಕಿಮ್ಚಿ ಪೂರ್ತಿ ಹುಳಿ ಮಾಡಿದವರು ಯಾರು?"

"ಮುಟ್ಟಲ್ಲ ಅಂದ್ನಲ್ಲ." (ಖಾರ ಹಚ್ಚಿ ಹುದುಗಿಸಿದ ತರಕಾರಿ ಉಪ್ಪಿನಕಾಯಿ ಈ ಕಿಮ್ಚಿ; ಅದಕ್ಕೆಂದೇ ನಮ್ಮಲ್ಲಿ ಮನೆಮನೆಗೂ ಬೇರೆ ಫ್ರಿಜ್ಜು.)

ಸ್ಟೇಷನ್ನಿಗೆ ಹೋಗಿ ಹತ್ತಿಸಿ ಬಂದೆ. ದೇಗುವರೆಗೆ ರೈಲು, ಅಲ್ಲಿಂದ ಬಸ್ಸು. ಮೂವತ್ನಾಲ್ಕು ವರ್ಷ ಸ್ಟೇಷನ್ ಮಾಸ್ಟರಿಕೆ ಮಾಡಿ ಲಕ್ಷಾಂತರ ರೈಲುಗಳನ್ನು ಕಳಿಸಿದವನು ನಾನು, ಈ ಯೋಮ್ ಹಾಕ್‌ದೊ. ರೈಲು ಹೋದ ಮೇಲೆ ಪ್ಲಾಟ್‌ಫಾರಂ ಅಷ್ಟು ಉದ್ದ ಇರುತ್ತದೆ ಎಂದು ಅಷ್ಟು ವರ್ಷದಲ್ಲಿ ನನ್ನ ಗಮನಕ್ಕೆ ಬಂದಿರಲಿಲ್ಲ.

ಮೊದಲ ಐದು ದಿನ ಶಿಸ್ತಿನಿಂದ ನಡೆದವು. ಸಂಜೆ ಆರಕ್ಕೆ ಫೋನು.

"ಊಟ ಆಯ್ತಾ?"

"ಆಯ್ತು. ನಿಂದು?"

"ಆಯ್ತು. ಚಳಿ ಹೇಗಿದೆ?"

"ಇದೆ."

"ಸರಿ, ಇಡ್ಲಾ?"

ಫೋನಿನಲ್ಲಿ ಅವಳ ಹಿಂದೆ ಹತ್ತು ಹನ್ನೆರಡು ಹೆಂಗಸರು ಬಿದ್ದು ಬಿದ್ದು ನಗುವ ಸದ್ದು. ಒಂದು ದಿನ ಅವಳೂ ನಕ್ಕಳು, ಫೋನ್ ಇಡುವ ಮೊದಲೇ. ನಮ್ಮ ಮನೆಯಲ್ಲಿ ಆ ನಗುವನ್ನು ಕೇಳಿ ಬಹಳ ದಿನವಾಗಿತ್ತು. ಚಿಪ್ಪು ಬಿಡಿಸುವುದರಲ್ಲಿ ನಗುವಂಥದ್ದೇನಿದೆ?

ಈ ಕಡೆ ನನ್ನೊಡನೆ ಮಾತಾಡುತ್ತಿದ್ದ ಏಕೈಕ ಸ್ತ್ರೀಯೆಂದರೆ ಅನ್ನದ ಕುಕ್ಕರು. ಅದರೊಳಗೆ ಒಬ್ಬಳು ಕೂತು, "ರುಚಿಯಾದ ಅನ್ನ ಸಿದ್ಧವಾಗಿದೆ. ಚೆನ್ನಾಗಿ ಮಗುಚಿ" ಎನ್ನುತ್ತಾಳೆ. ಮೊದಲ ದಿನ ಸುಮ್ಮನೆ ಮಗುಚಿದೆ. ಮೂರನೆಯ ದಿನ "ಆಗಲಮ್ಮ" ಎಂದೆ. ಐದನೆಯ ದಿನ ಅವಳ ಹತ್ತಿರ, "ನಿಮ್ಮದಾಯಿತೇ?" ಎಂದು ಕೇಳಿದೆ. ಮೇಜಿನ ಮೇಲೆ ನೋಡಿದರೆ, ಎರಡು ಚಮಚ, ಎರಡು ಜೊತೆ ಊಟದ ಕಡ್ಡಿ ಇಟ್ಟಿದ್ದೇನೆ. ತೆಗೆಯಲು ಹೋಗಿ, ಇರಲಿ ಎಂದು ಬಿಟ್ಟೆ. ತೊಳೆಯುವ ಶ್ರಮವಿಲ್ಲವಲ್ಲ.

ಆರನೆಯ ದಿನ ಹಲ್ಲುಜ್ಜುತ್ತಿದ್ದಾಗ ನನಗೆ ಜ್ಞಾನೋದಯವಾಯಿತು. ಅವಳು ಹೇಳಿದ್ದೇನು? ಸಾರು ಮುಗಿಯುವ ಹೊತ್ತಿಗೆ ಬರುತ್ತೇನೆ ಎಂದು. ಮೂವತ್ತು ದಿನಕ್ಕೆ ಬರುತ್ತೇನೆ ಎಂದಳೇ? ಇಲ್ಲ! ಅಂದಮೇಲೆ ಅವಳ ಆಗಮನ ಕ್ಯಾಲೆಂಡರಿನ ಕೈಯಲ್ಲಿಲ್ಲ, ನನ್ನ ಹೊಟ್ಟೆಯ ಕೈಯಲ್ಲಿದೆ. ರೈಲ್ವೆಯ ಚರಿತ್ರೆಯಲ್ಲಿ ಯಾವ ಸ್ಟೇಷನ್ ಮಾಸ್ಟರಿಗೂ ದಕ್ಕದ ಅಧಿಕಾರ ನನಗೆ ದಕ್ಕಿದೆ: ನಾನು ಉಂಡಷ್ಟೂ ಗಾಡಿ ಬೇಗ ಬರುತ್ತದೆ!

ಬಾಯಿಯ ನೊರೆಯನ್ನೂ ಒರೆಸದೆ ಹೋಗಿ ಆರು, ಏಳು, ಎಂಟನೆಯ ಪೊಟ್ಟಣಗಳನ್ನು ಒಟ್ಟಿಗೆ ತೆಗೆದೆ.

ಬೆಳಗ್ಗೆ ಸಾರು, ಮಧ್ಯಾಹ್ನ ಸಾರು, ರಾತ್ರಿ ಸಾರು. ಮೂರೇ ದಿನದಲ್ಲಿ ಒಂಬತ್ತು ಪೊಟ್ಟಣಗಳು ವೀರಮರಣವನ್ನಪ್ಪಿದವು. ಬೆವರಿದರೆ ಈರುಳ್ಳಿ ಸೊಪ್ಪಿನ ವಾಸನೆ. ಲಿಫ್ಟಿನಲ್ಲಿ ಯಾರದೋ ನಾಯಿ ನನ್ನ ಪ್ಯಾಂಟನ್ನು ಪ್ರೀತಿಯಿಂದ ನೆಕ್ಕಿತು. ಒಂಬತ್ತನೆಯ ದಿನ ಬೆಳಗ್ಗೆ ಸಾರಿನ ಮುಖ ನೋಡಿದೊಡನೆ ನನ್ನ ಹೊಟ್ಟೆ ಕೆಂಪು ನಿಶಾನೆ ತೋರಿಸಿತು.

ಒಂದು ಪೊಟ್ಟಣವನ್ನು ಪಾತ್ರೆ ತೊಳೆಯುವ ತೊಟ್ಟಿಗೆ ಸುರಿದುಬಿಡೋಣ ಎಂದುಕೊಂಡೆ. ಯಾರು ನೋಡುತ್ತಾರೆ? ಕತ್ತರಿ ಹಿಡಿದೆ. ಪೊಟ್ಟಣದ ಮೇಲೆ 'ಹದಿನೈದು' ಎಂದು ಬರೆದಿತ್ತು. ಮಸಿ ಸ್ವಲ್ಪ ಹರಡಿತ್ತು. ಬರೆಯುವಾಗ ಕೈ ಒದ್ದೆಯಾಗಿದ್ದಿರಬೇಕು. ಕತ್ತರಿ ಕೆಳಗಿಟ್ಟೆ. ಸರಕನ್ನು ಇಳಿಸಬೇಕೇ ಹೊರತು ಹಳಿಯ ಮೇಲೆ ಸುರಿಯಬಾರದು ಎಂದು ರೈಲ್ವೆಯಲ್ಲೊಂದು ನಿಯಮವಿದೆ. (ಇಲ್ಲದಿದ್ದರೆ ಇರಬೇಕಿತ್ತು.)

ಹೀಗಾಗಿ ಮಿತ್ರಪಡೆಯನ್ನು ಕರೆಸಿದೆ. ಪಡೆಯೆಂದರೆ ಏಳನೇ ಮಹಡಿಯ ತಾಕ್, ಗೂಡ್ಸ್ ಗಾಡಿಯ ನಿವೃತ್ತ ಡ್ರೈವರ್. ಪಗಡೆಯಾಡೋಣ ಬಾ ಎಂದು ಕರೆದು, ಆಟದ ನಡುವೆ ಸಾರಿನ ಬಟ್ಟಲು ಮುಂದಿಟ್ಟೆ. ಮೊದಲ ದಿನ ಹೊಗಳಿ ಕುಡಿದ. ಎರಡನೆಯ ದಿನ ಸುಮ್ಮನೆ ಕುಡಿದ. ಮೂರನೆಯ ದಿನ ಚಮಚ ಕೆಳಗಿಟ್ಟ.

"ಏನ್ ಮಾಸ್ಟ್ರೇ, ಮೊನ್ನೆನೂ ಇದೇ, ನಿನ್ನೆನೂ ಇದೇ, ಇವತ್ತೂ ಇದೇ?"

"ಇದು ಬೇರೆ ಪೊಟ್ಟಣ."

"ಏನಯ್ಯಾ ನಿನ್ನ ಕಥೆ? ನಿಜ ಹೇಳು."

ಹೇಳಿದೆ. ಅವನು ಎಷ್ಟು ನಕ್ಕನೆಂದರೆ ಆಟದ ಕಾಯಿಗಳೆಲ್ಲ ಚೆಲ್ಲಾಪಿಲ್ಲಿಯಾದವು. (ಅವನು ಸೋಲುತ್ತಿದ್ದ. ಅದನ್ನೂ ಗಮನಿಸಿದೆ.)

"ಚಿಪ್ಪಿನ ಕಾಲ ಮುಗಿಯೋದು ಫೆಬ್ರವರಿ ಕೊನೆಗೆ ಕಣಯ್ಯಾ! ನೀನು ಸಾರು ಕುಡಿದ್ರೆ ಸಮುದ್ರ ಬತ್ತುತ್ತಾ?"

"ಅವಳು ಮಾತು ಕೊಟ್ಟಿದಾಳೆ."

"ಹೆಂಡ್ತಿ ನೆನಪಾಗ್ತಿದ್ರೆ ಫೋನ್ ಮಾಡಿ 'ನೀನಿಲ್ದೆ ಬೇಜಾರು, ಬಾರೇ' ಅಂತ ಹೇಳೋದಪ್ಪ. ಅದು ಬಿಟ್ಟು ನನ್ನ ಹೊಟ್ಟೆ ಯಾಕೆ ಕೆಡಿಸ್ತೀಯಾ?"

"ನೆನಪಾ? ಯಾರಿಗೆ? ನೋಡು ತಾಕ್, ಸ್ಟೇಷನ್ ಮಾಸ್ಟರ್ ಆದವನು ರೈಲಿಗೆ 'ಬಾ, ಬಾ' ಅಂತ ಗೋಗರೆಯಲ್ಲ. ದಾರಿ ಖಾಲಿ ಮಾಡಿ ಲೈನ್ ಕ್ಲಿಯರ್ ಕೊಡ್ತಾನೆ. ಅಷ್ಟೇ."

ತಾಕ್ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಮೇಜಿನ ಮೇಲಿದ್ದ ಆ ಎರಡನೆಯ ಜೊತೆ ಕಡ್ಡಿಯನ್ನು ನೋಡಿದ. ಬಟ್ಟಲನ್ನು ಎಳೆದುಕೊಂಡು ಸೊರಸೊರನೆ ಕುಡಿದು ಮುಗಿಸಿದ.

"ಎಷ್ಟು ಉಳಿದಿದೆ?"

"ಏಳು."

"ಮೂರು ನಂಗೆ ಕೊಡು. ಮನೇಗೆ ತಗೊಂಡ್ಹೋಗ್ತೀನಿ. ಆದ್ರೆ ನಮ್ಮನೆಯವಳು ಇದನ್ನ ನೋಡಿ, ಅವಳಿಗೂ ಎಲ್ಲಾದ್ರೂ ಹೋಗೋ ಯೋಚನೆ ಬಂದ್ರೆ ನಿನ್ನ ಸುಮ್ನೆ ಬಿಡಲ್ಲ."

ಒಂದನ್ನು ಗೇಟಿನ ಕಾವಲುಗಾರನಿಗೆ ಕೊಟ್ಟೆ. ಅವನು ಟೋಪಿ ತೆಗೆದೇ ಸ್ವೀಕರಿಸಿದ. ಉಳಿದ ಮೂರನ್ನು ಕಣ್ಣು ಮುಚ್ಚಿ, ಮೂಗು ಹಿಡಿದು, ಒಬ್ಬನೇ ಗೆದ್ದೆ. ಹದಿಮೂರನೆಯ ದಿನ ಮಧ್ಯಾಹ್ನ ಫ್ರೀಜರ್ ಬಾಗಿಲು ತೆಗೆದರೆ ಬರೀ ಬಿಳಿ ಹಿಮ. ಒಂದು ಸೈನ್ಯವನ್ನೇ ನಿರ್ನಾಮ ಮಾಡಿದ ರಾಜ ರಣರಂಗದ ಅಂಚಿನಲ್ಲಿ ನಿಂತಂತೆ, ಪಾದಕ್ಕೆ ಚಳಿ ಹೊಡೆಯುವವರೆಗೂ ನಿಂತಿದ್ದೆ.

ಆಮೇಲೆ ನನಗೆ ಕೈತುಂಬ ಕೆಲಸ. ಕ್ಷೌರ ಮಾಡಿಸಿಕೊಂಡೆ. ನೆಲ ಒರೆಸಿದೆ, ಸೋಫಾದ ಅಡಿಯನ್ನೂ ಬಿಡದೆ. ಅವಳಿಗಿಷ್ಟವೆಂದು ಒಣಗಿಸಿದ ಪರ್ಸಿಮನ್ ಹಣ್ಣು ತಂದು ಮೇಜಿನ ಮೇಲಿಟ್ಟೆ. ನಾಳೆ ಬೆಳಗ್ಗಿನ ಬಸ್ಸು ಹಿಡಿದರೆ ಮಧ್ಯಾಹ್ನ ದೇಗು, ಅಲ್ಲಿಂದ ರೈಲು ಹಿಡಿದರೆ ಸಂಜೆಗೆ ಜೆಚೊನ್, ಎರಡನೇ ಪ್ಲಾಟ್‌ಫಾರಂ. ಅವಳ ಚೀಲ ಭಾರವಿರುತ್ತದೆ, ಹದಿನೈದು ನಿಮಿಷ ಮೊದಲೇ ಹೋಗಿ ನಿಲ್ಲಬೇಕು. ಕುಕ್ಕರಿನ ಹೆಂಗಸಿಗೂ ಹೇಳಿದೆ: "ನಾಳೆಯಿಂದ ಇಬ್ಬರಿಗಮ್ಮ."

ಸಂಜೆ ಆರಕ್ಕೆ ಫೋನು ಬಂತು.

"ಊಟ ಆಯ್ತಾ?"

"ಸಾರು ಮುಗೀತು," ಎಂದೆ. ಅಷ್ಟು ಘನವಾಗಿ ನಾನು ಯಾವ ಎಕ್ಸ್‌ಪ್ರೆಸ್ ರೈಲಿನ ಆಗಮನವನ್ನೂ ಸಾರಿದ್ದಿಲ್ಲ.

ಆ ಕಡೆ ಚೂರಿಯ ಟಕಟಕ ಸದ್ದು ನಿಂತಿತು.

"ಏನಂದ್ರಿ?"

"ಸಾರು. ಮುಗೀತು. ಒಂದೂ ಉಳಿದಿಲ್ಲ."

"ಮೂವತ್ತೂ?"

"ಮೂವತ್ತೂ."

"ಹದಿಮೂರು ದಿನಕ್ಕಾ? ಹುಷಾರಾಗಿದೀರಿ ತಾನೇ?"

"ಹುಷಾರಾಗೇ ಇದೀನಿ. ಈಚೆಗೆ ಸ್ವಲ್ಪ ಹಸಿವು ಜಾಸ್ತಿ." ಮೇಜಿನ ಮೇಲಿನ ಪರ್ಸಿಮನ್ ಹಣ್ಣನ್ನು ಇತ್ತಿಂದತ್ತ ಸರಿಸಿದೆ. "ಮನೇನೂ ಯಾಕೋ ದೊಡ್ಡದು ಅನ್ನಿಸುತ್ತೆ."

ಇಷ್ಟು ಮಾತು ನಾನು ಮೂವತ್ತೊಂದು ವರ್ಷದ ಸಂಸಾರದಲ್ಲಿ ಆಡಿದ್ದಿಲ್ಲ. ದೂರದಲ್ಲಿ ಸಮುದ್ರದ ಸದ್ದು ಕೇಳಿತು, ಅಥವಾ ನನ್ನ ಕಿವಿಯದೇ ಸದ್ದೋ ಏನೋ.

"ನೀನು ಹೇಳಿದ್ದೆಯಲ್ಲ," ಎಂದೆ, "ಸಾರು ಮುಗಿಯೋ ಹೊತ್ತಿಗೆ..."

"ಅಯ್ಯೋ, ನಿಮಗೆ ಹೇಳೋದೇ ಮರ್ತಿದ್ದೆ ರೀ," ಎಂದಳು ಮಾಲ್‌ಸುನ್. "ಮೇಲಿನ ಫ್ರೀಜರಲ್ಲಿ ಹಿಡಿಸಿದ್ದು ಅಷ್ಟೇ. ಇನ್ನೂ ನಲವತ್ತು ಕಿಮ್ಚಿ ಫ್ರಿಜ್ಜಲ್ಲಿದೆ. ಕೆಳಗಿನ ಡ್ರಾಯರ್. ತೆಗೆದ ಮೇಲೆ ಬಾಗಿಲು ಹಾಕಿ."