ಅಜ್ಜಮ್ಮನ ಅರ್ಧ ಕೌದಿ

ಬಡವರನ್ನು ಮೇಲೆತ್ತುವ ಯೋಜನೆಯಲ್ಲಿ ಊರಿಗೆಲ್ಲ ಕುರಿ ಹಂಚಿದರೂ ಗ್ರಾಮಸೇವಕ ನಾಗೇಂದ್ರಪ್ಪ ವಿಧವೆ ಭೀಮಕ್ಕನಿಗೆ ಮಾತ್ರ ಹೊಲಿಗೆ ಮಿಷನ್ ಕೊಡಿಸಿದ್ದ. ‘ಮನೆ ನೋಡಿ ನೆರವು’ ಎಂಬುದು ಅವನ ಮಂತ್ರ. ಮನೆ ನೋಡಿದ್ದೇನೋ ನಿಜ, ಹೊಲಿಯಲು ಬರುತ್ತದೆಯೇ ಎಂದು ಕೇಳಲು ಮಾತ್ರ ಮರೆತಿದ್ದ.

ಈಗ ಸಾಹೇಬರು ಆ ಮಿಷನ್ ನೋಡಲು ಜಗಳೂರಿನಿಂದ ಹೊರಟಿದ್ದರು. ಮೆಚ್ಚಿದರೆ ನಾಗೇಂದ್ರಪ್ಪನ ನೌಕರಿ ಖಾಯಂ, ಇಲ್ಲದಿದ್ದರೆ ಅವನು ಮನೆಗೆ. ಮಟಮಟ ಮಧ್ಯಾಹ್ನ ಏದುಸಿರು ಬಿಡುತ್ತ ಬಂದವನನ್ನು ಪಕ್ಕದ ಮನೆಯ ಕೆಂಪಕ್ಕ ತಡೆದಳು.

“ಈ ಹೊತ್ನಾಗೆ ಒಳಗೆ ಹೋಗಬ್ಯಾಡ್ರಿ ಸಾರ್. ಭೀಮಕ್ಕನ ಅತ್ತೆ ಅಜ್ಜಮ್ಮ ಕೌದಿ ಹೊಲಿಯಾಕೆ ಕುಂತಿರ್ತಾಳೆ.”

“ಅಜ್ಜಮ್ಮ ಸತ್ತು ವರ್ಷ ಆಯ್ತಲ್ಲಮ್ಮ!”

“ಅದಕ್ಕೇ ಹೇಳಿದ್ದು,” ಎಂದ ಎದುರುಮನೆಯ ಬುಡನ್‌ಸಾಬ್. “ಕೌದಿ ಅರ್ಧಕ್ಕೇ ನಿಂತೈತೆ. ನಾನೂ ಒಂದು ಕಾಯಿ ಕೊಟ್ಟು ಬಂದೆ, ಯಾಕ್ ಬೇಕು.”

ಒಳಗಿನಿಂದ ಕಟಕಟ ಸದ್ದು ಕೇಳಿತು. ನಾಗೇಂದ್ರಪ್ಪ ಬಾಗಿಲ ಸಂದಿಯಲ್ಲಿ ಇಣುಕಿದ. ಕತ್ತಲೆ ಕೋಣೆಯಲ್ಲಿ ನರಪಿಳ್ಳೆಯೂ ಇಲ್ಲ, ಕುಂಕುಮ ಹಚ್ಚಿದ ಮಿಷನ್ನಿನ ಚಕ್ರ ತಿರುಗುತ್ತಿದೆ. ಓಡಿಬಿಡೋಣವೆಂದು ತಿರುಗಿದ. ತಿರುಗುವಾಗಲೇ ಪೆಡಲಿಗೆ ಕಟ್ಟಿದ ಕರಿದಾರ ಕಣ್ಣಿಗೆ ಬಿತ್ತು. ಬಾಗಿಲು ತಳ್ಳಿ ಒಳಗೆ ಹೋಗಿ ನೋಡಿದರೆ ಅದರ ಇನ್ನೊಂದು ತುದಿ ಅಡುಗೆಮನೆಯಲ್ಲಿ, ಭೀಮಕ್ಕನ ಕೈಯಲ್ಲಿತ್ತು.

“ನಂಗೆ ಹೊಲಿಯಾಕೆ ಬರಲ್ಲ ಸಾರ್,” ಎಂದು ಅವಳು ಅತ್ತೇಬಿಟ್ಟಳು. “ಅತ್ತೆ ಬಂದಾಳೆ ಅಂದ ಮ್ಯಾಲೆ ಜನ ಅಕ್ಕಿ, ಕಾಯಿ ತಂದು ಇಡ್ತಾರೆ. ಮಕ್ಕಳು ಹೊಟ್ಟೆ ತುಂಬ ಉಣ್ತಾವೆ.”

ಅವನಿಗೆ ಸಿಟ್ಟು ಬರಬೇಕಿತ್ತು, ನಾಚಿಕೆಯಾಯಿತು.

ಅಷ್ಟರಲ್ಲಿ ಜೀಪಿನ ಸದ್ದು. ಭೀಮಕ್ಕ ಮುಖ ತೊಳೆಯಲು ಹಿತ್ತಲಿಗೆ ಓಡಿದಳು. ಸಿಕ್ಕಿಬೀಳುವ ಭಯದಲ್ಲಿ ನಾಗೇಂದ್ರಪ್ಪ ದಾರ ಕಿತ್ತು ಸುತ್ತಿ ಜೇಬಿಗೆ ತುರುಕಿಕೊಂಡ.

“ಎಲ್ಲಿ, ಸ್ವಲ್ಪ ಹೊಲಿದು ತೋರಿಸಮ್ಮ,” ಎಂದರು ಸಾಹೇಬರು.

ಭೀಮಕ್ಕ ಅರ್ಧ ಕೌದಿಯನ್ನು ಸೂಜಿಯ ಕೆಳಗಿಟ್ಟು, ಕಾಲುಗಳನ್ನು ಸ್ಟೂಲಿನಡಿ ಮುದುರಿಕೊಂಡು ಕಣ್ಣು ಮುಚ್ಚಿದಳು. ನಾಗೇಂದ್ರಪ್ಪ ಬಾಗಿಲಲ್ಲೇ ನಿಂತು ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತ.

ಕಟಕಟ, ಕಟಕಟ. ಕೌದಿ ಮುಂದೆ ಸರಿಯಿತು. ಗೆರೆ ಕೊರೆದಂಥ ಹೊಲಿಗೆ.

ಸಾಹೇಬರು ಹೊಲಿಗೆಯನ್ನಷ್ಟೇ ನೋಡಿದರು. “ಶಹಬ್ಬಾಸ್! ಈ ಕೋಣೆಯನ್ನೇ ತರಬೇತಿ ಕೇಂದ್ರ ಮಾಡೋಣ. ನಾಗೇಂದ್ರಪ್ಪ, ನಿಮ್ಮ ನೌಕರಿ ಖಾಯಂ. ಇವತ್ತಿನಿಂದ ಆಫೀಸು, ವಾಸ ಎಲ್ಲಾ ಇಲ್ಲೇ.”

ಜೀಪು ಹೋದ ಮೇಲೆ ಭೀಮಕ್ಕ ಅಂಗಳಕ್ಕೆ ಬಂದು ಅವನಿಗೆ ಕೈಮುಗಿದಳು. “ಭಾಳ ಉಪಕಾರ ಆಯ್ತು ಸಾರ್. ದಾರ ಎಷ್ಟು ಚೆಂದಾಗಿ ಎಳದ್ರಿ!”

ನಾಗೇಂದ್ರಪ್ಪ ಜೇಬಿಗೆ ಕೈಹಾಕಿದ. ದಾರ ಸುತ್ತಿಟ್ಟ ಹಾಗೇ ಇತ್ತು.

ಒಳಗೆ ಕೌದಿಯ ಮುಂದಿನ ಸಾಲು ಶುರುವಾಯಿತು.