ನನ್ನ ಥಿಕ್ ಹುಳಿ

ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಹೇಳುವವಳು. ಸಂಕೋಚವಾದರೂ ಒಪ್ಪಿಕೊಂಡುಬಿಡುತ್ತೇನೆ, ನನ್ನನ್ನು ಹೆಚ್ಚು ಪೇಚಿಗೆ ಸಿಕ್ಕಿಸಿರುವುದು ಉದ್ದುದ್ದದ ಪದಗಳಲ್ಲ, ‘ಥಿಕ್’ ಎಂಬ ಗಿಡ್ಡ ಪದ. ಕನ್ನಡದಲ್ಲಿ ನಾವು ಎಷ್ಟು ಅಚ್ಚುಕಟ್ಟು ನೋಡಿ. ಹಾಲು ಗಟ್ಟಿ, ಕಂಬಳಿ ದಪ್ಪ, ಕಾಡು ದಟ್ಟ, ಬುದ್ಧಿ ಮಂದ. ಇಂಗ್ಲಿಷಿನವರು ಇಷ್ಟಕ್ಕೂ ಒಂದೇ ಪದ ಇಟ್ಟುಕೊಂಡು ಸಂಸಾರ ತೂಗಿಸುತ್ತಾರೆ. ನಮ್ಮವರು ಅದನ್ನೂ ಬಿಡದೆ ತಂದುಕೊಂಡು ಗಾಢ ಬಣ್ಣಕ್ಕೂ ಹಚ್ಚಿದರು. ಅರಸೀಕೆರೆಯ ಬಟ್ಟೆ ಅಂಗಡಿಯಲ್ಲಿ ‘ಇನ್ನೂ ಥಿಕ್ ಕಲರ್ ತೋರಿಸ್ರೀ’ ಅನ್ನುವವರಿಗೆ ಲೆಕ್ಕವಿಲ್ಲ. ಜಾವಗಲ್ಲಿನ ಶಾಲೆಯಲ್ಲಿದ್ದಾಗ ಒಮ್ಮೆ ಆ ಪದ ಬಳಸಿ ವಾಕ್ಯ ಮಾಡಿ ಎಂದೆ. ಒಬ್ಬ ಹುಡುಗಿ ಎದ್ದು, “ನಮ್ಮಪ್ಪನೂ ಬಸ್ ಕಂಡಕ್ಟ್ರೂ ಥಿಕ್ ಫ್ರೆಂಡ್ಸು ಮೇಡಂ, ಅದ್ಕೇ ನಂಗೆ ದಿನಾ ಸೀಟು ಸಿಗ್ತೈತೆ” ಎಂದಳು. ನಾನು ಕೇಳಿದ್ದು ಇಂಗ್ಲಿಷ್ ವಾಕ್ಯ. ಆದರೆ ಅದೇ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತುಕೊಂಡೇ ಬಂದವಳು ನಾನು, ‘ಸರಿ’ ಎಂದು ಕೂರಿಸಿದೆ.

ಈ ಪದವನ್ನು ನನಗೆ ಸರಿಯಾಗಿ ಕಲಿಸಿದವರು ಮಾತ್ರ ನಮ್ಮತ್ತೆ. ತೊಂಬತ್ತರ ದಶಕದ ನಡುವೆ ನಾನು ಬೇಲೂರಿನಿಂದ ಅರಸೀಕೆರೆಗೆ ಸೊಸೆಯಾಗಿ ಬಂದೆ. ಆಗಿನ್ನೂ ಕೆಲಸ ಸಿಕ್ಕಿರಲಿಲ್ಲ, ಕೈಯಲ್ಲಿ ಇಂಗ್ಲಿಷ್ ಬಿ.ಎ. ಇತ್ತು, ತಲೆಯಲ್ಲಿ ಅದರ ಗರ್ವವಿತ್ತು. ಅತ್ತೆಗೆ ಬರುತ್ತಿದ್ದ ಇಂಗ್ಲಿಷ್ ಪದಗಳು ಮೂರು: ಟ್ರೈನು, ಲೇಟು, ಥಿಕ್ಕು. ಮೊದಲೆರಡು ಹತ್ತಿರದ ಸ್ಟೇಷನ್ನಿನಿಂದ ಬಂದವು, ಮೂರನೆಯದು ಹಾಲು ಹಾಕುವವನ ಜೊತೆ ದಿನಾ ನಡೆಯುತ್ತಿದ್ದ ವಾಗ್ವಾದದಿಂದ. ಮನೆ ಸ್ಟೇಷನ್ನಿಗೆ ಹತ್ತಿರವಿರುವುದು ಎಂಥ ಭಾಗ್ಯವೆಂದು ಅನುಭವಿಸಿದವರೇ ಬಲ್ಲರು. ಬೇಲೂರು, ಹಳೇಬೀಡು ನೋಡಲು ಹೊರಟ ಬಂಧುಗಳೆಲ್ಲ ಅರಸೀಕೆರೆಯಲ್ಲಿ ರೈಲಿಳಿದು ಬಸ್ಸು ಹಿಡಿಯಬೇಕಿತ್ತು. ಶಿಲಾಬಾಲಿಕೆಯರನ್ನು ನೋಡುವ ಮುಂಚೆ ಅವರು ನೋಡುತ್ತಿದ್ದದ್ದು ನಮ್ಮ ಅಡುಗೆಮನೆಯನ್ನು. ರೈಲು ಬಂದ ಸದ್ದಾದರೆ ಅತ್ತೆ ಒಂದು ಚೊಂಬು ನೀರು ಹಿಡಿದು ಒಲೆಯ ಹತ್ತಿರ ನಿಲ್ಲುತ್ತಿದ್ದರು. ಬಾಗಿಲಲ್ಲಿ ಕಂಡ ತಲೆಗಳನ್ನು ಎಣಿಸಿ ಅಷ್ಟಕ್ಕೆ ತಕ್ಕಂತೆ ಹುಳಿಗೆ ನೀರು ಬೀಳುತ್ತಿತ್ತು. ಈಗ ಎಲ್ಲರೂ ಕಾರಿನಲ್ಲಿ ನೇರ ಹೋಗಿಬಿಡುತ್ತಾರೆ. ಆಗ ಬೈದುಕೊಂಡ ಆ ಗದ್ದಲವೇ ಈಗ ಬೇಕೆನಿಸುತ್ತದೆ.

ನನ್ನ ತವರಿನ ಹುಳಿ ಹಾಗಲ್ಲ. ಸೌಟು ನೆಟ್ಟರೆ ನಿಲ್ಲಬೇಕು. ಅಂಥ ಹುಳಿ ಮಾಡಿ ಅತ್ತೆಯ ಬಾಯಿಂದ ಒಂದು ಸಲ ‘ಚೆನ್ನಾಗಿದೆ’ ಅನ್ನಿಸಿಕೊಳ್ಳಬೇಕು ಎಂಬುದು ಆ ವರ್ಷದ ನನ್ನ ಏಕೈಕ ಆಸೆ. ಅಡುಗೆ ನನ್ನ ಕೈಗೆ ಬಂದ ಮೊದಲ ದಿನ ಧಾರಾಳವಾಗಿ ಬೇಳೆ ಸುರಿದು, ಕಾಯಿ ರುಬ್ಬಿ ಹಾಕಿದೆ. ದೇವರಿಗೆ ತೋರಿಸುವ ಮುಂಚೆ ರುಚಿ ನೋಡುವ ಪದ್ಧತಿಯಿಲ್ಲವಲ್ಲ, ಅತ್ತೆ ಸೌಟಿನಲ್ಲಿ ಎತ್ತಿ ಬಿಟ್ಟು ನೋಡಿ, “ಸ್ವಲ್ಪ ಥಿಕ್ಕಾಯ್ತೇನೋ” ಎಂದರು. ಅಷ್ಟರಲ್ಲಿ ರೈಲಿನಿಂದ ಐದು ಜನ ಇಳಿದು ಬಂದರು. ಅತ್ತೆಯ ಕೈ ಚೊಂಬಿಗೆ ಹೋಯಿತು.

“ಬೇಡಿ ಅತ್ತೆ, ನೀರು ಹಾಕಿದ್ರೆ ರುಚಿ ಕೆಟ್ಟೋಗತ್ತೆ” ಎಂದೆ.

ಹೊಸ ಸೊಸೆ, ಮೊದಲ ಹುಳಿ. ಅತ್ತೆ ಚೊಂಬು ಕೆಳಗಿಟ್ಟರು. ಬಂದವರು, ಮಾವ, ನನ್ನ ಯಜಮಾನರು, ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡು ಹೊಗಳಿದರು. ನಾನು ಉಬ್ಬಿಹೋದೆ. ಕೊನೆಗೆ ನಾವಿಬ್ಬರು ಕೂತಾಗ ಪಾತ್ರೆಯ ತಳದಲ್ಲಿ ಒಂದು ಸೌಟು ಉಳಿದಿತ್ತು. ಅತ್ತೆ ಅದನ್ನು ನನ್ನ ಎಲೆಗೆ ಹಾಕಿ, “ನಂಗೆ ಹುಳಿ ಅಷ್ಟಾಗಿ ಸೇರಲ್ಲ ಕಣೇ” ಎನ್ನುತ್ತಾ ಅನ್ನಕ್ಕೆ ಮಜ್ಜಿಗೆ ಕಲಸಿಕೊಂಡರು.

ನಾನು ನಂಬಿದೆ. ಒಂದು ದಿನವಲ್ಲ, ಒಂದು ವರ್ಷ. ಅತ್ತೆ ಮತ್ತೆ ಚೊಂಬು ಮುಟ್ಟಲಿಲ್ಲ. ಬೇಳೆಯ ಡಬ್ಬಿ ಬೇಗ ಖಾಲಿಯಾದರೂ ತುಟಿ ಬಿಚ್ಚಲಿಲ್ಲ. ಯಾರೂ ಬಾರದ ದಿನವೂ, “ಸಾಯಂಕಾಲದ ಟ್ರೈನಿಗೆ ಯಾರಾದ್ರೂ ಬಂದ್ರೆ ಇರ್ಲಿ ಬಿಡು” ಎಂದು ಉಪ್ಪಿನಕಾಯಿ, ಮಜ್ಜಿಗೆಯಲ್ಲೇ ಊಟ ಮುಗಿಸುತ್ತಿದ್ದರು. ‘ಹುಳಿ ಸೇರದವರಿಗೆ ಥಿಕ್ಕಿನ ಬೆಲೆ ಏನು ಗೊತ್ತು’ ಎಂದು ನಾನು ಒಳಗೊಳಗೇ ಮರುಕಪಡುತ್ತಿದ್ದೆ.

ಆಮೇಲೊಂದು ದಿನ ಹಾರನಹಳ್ಳಿಯಿಂದ ಅತ್ತೆಯ ತಂಗಿ ಬಂದರು. ಊಟವಾದ ಮೇಲೆ ಹಿತ್ತಲಿನಲ್ಲಿ ನನ್ನನ್ನು ಹಿಡಿದು, “ಅಕ್ಕ ಯಾಕೆ ಹುಳಿ ಹಾಕಿಸ್ಕೊಳ್ಲಿಲ್ಲ? ಮೈ ಸರಿಯಿಲ್ವೇನೇ?” ಎಂದು ಕೇಳಿದರು.

“ಅವರಿಗೆ ಹುಳಿ ಸೇರಲ್ವಲ್ಲ ಚಿಕ್ಕತ್ತೆ.”

“ಯಾರು ಹೇಳಿದ್ದು ನಿಂಗೆ? ಚಿಕ್ಕಂದಿನಲ್ಲಿ ಹುಳಿಗೋಸ್ಕರ ನನ್ನ ಜುಟ್ಟು ಹಿಡಿದು ಎಳೆದವಳು ಅವಳು. ಹುಳಿ ಇಲ್ದಿದ್ರೆ ತುತ್ತು ಇಳೀತಿರ್ಲಿಲ್ಲ.”

ನೀರು ಬೆರೆಸದ ನನ್ನ ಹುಳಿ ಎಲ್ಲರಿಗೂ ಸಾಲಲೆಂದೇ ಅತ್ತೆ ವರ್ಷವಿಡೀ ಮಜ್ಜಿಗೆಯಲ್ಲಿ ಉಂಡಿದ್ದರು. ಕೇಳಿ ಜಗಳವಾಡೋಣವೆಂದರೆ ತಪ್ಪು ನನ್ನದೇ. ಅವತ್ತು ರಾತ್ರಿ ಅತ್ತೆಯ ಮುಖ ನೋಡಲು ನಾಚಿಕೆಯಾಗಿ, ತಲೆನೋವೆಂದು ಸುಳ್ಳು ಹೇಳಿ ಮಲಗಿದೆ.

ಮರುದಿನ ಮನೆಯಲ್ಲಿ ನಾವು ನಾಲ್ಕೇ ಜನ. ಆದರೂ ಹುಳಿಗೆ ನಾನೇ ಎರಡು ಚೊಂಬು ನೀರು ಸುರಿದೆ. ಊಟಕ್ಕೆ ಕೂತಾಗ ಅತ್ತೆ ಬೇಡ ಅನ್ನುವಷ್ಟರಲ್ಲಿ ಅವರ ಎಲೆಗೆ ಮೂರು ಸೌಟು ಹಾಕಿಬಿಟ್ಟೆ. ಅನ್ನದ ಕಟ್ಟೆ ಒಡೆದು ಹುಳಿ ಬಾಳೆಎಲೆಯ ತುದಿಗೆ ಓಡಿತು. ಅತ್ತೆ ಅದನ್ನು ಅಂಗೈಯಲ್ಲಿ ಬಳಿದುಕೊಂಡು ಒಂದು ತುತ್ತು ಬಾಯಿಗಿಟ್ಟರು.

“ಯಾಕೋ ತೆಳ್ಳಗಾಗಿದೆಯಲ್ಲೇ ಇವತ್ತು. ನಿನ್ನ ಕೈ ಹುಳಿ ಥಿಕ್ಕಾಗಿದ್ರೇ ಚೆನ್ನ” ಎಂದರು.

“ನೀವು ತಿಂದೇ ಇಲ್ವಲ್ಲ ಅತ್ತೆ, ಹೆಂಗೆ ಗೊತ್ತು?”

“ತಿಂದೋರೆಲ್ಲ ಹೇಳ್ತಿದ್ರು ಕಣೇ.”

ನನಗೆ ಕಣ್ಣು ತುಂಬಿತು. ಅತ್ತೆ ಇನ್ನೊಂದು ಸಲ ಹಾಕಿಸಿಕೊಂಡು, ಎಲೆ ನೆಕ್ಕುವುದೊಂದು ಬಾಕಿ ಎನ್ನುವ ಹಾಗೆ ಉಂಡೆದ್ದರು. ನಾನು ಮಾತ್ರ ಅವತ್ತು ಮಜ್ಜಿಗೆಯಲ್ಲೇ ಊಟ ಮುಗಿಸಿದೆ. ಪಶ್ಚಾತ್ತಾಪಕ್ಕೆಂದೇನೂ ಅಲ್ಲ, ಆ ನೀರುಹುಳಿಯನ್ನು ಬಾಯಿಗಿಡಲು ನನ್ನಿಂದಾಗಲಿಲ್ಲ.